ಜಿಂಕ್ ಮಾತ್ರೆ ನುಂಗಿದ ಹನ್ನೊಂದು ತಿಂಗಳು

ನಮ್ಮದು ಗೊಬ್ಬರದ ಅಂಗಡಿ. ದಾವಣಗೆರೆ ಜಿಲ್ಲೆಯ ಭದ್ರಾ ನಾಲೆ ಬಯಲು, ಸುತ್ತ ಭತ್ತದ ಗದ್ದೆ. 2024ರ ಫೆಬ್ರವರಿಯಲ್ಲಿ ಅಂಗಡಿಗೆ ಸಿಸಿ ಕ್ಯಾಮೆರಾ ಹಾಕಿಸಿದೆವು. ಕೂರಿಸಿದ ಹುಡುಗ ಹತ್ತು ನಿಮಿಷದ ರೆಕಾರ್ಡಿಂಗ್ ಓಡಿಸಿ ತೋರಿಸಿದ. ಗಲ್ಲಾದ ಮುಂದೆ ತಲೆ ಬಗ್ಗಿಸಿ ಬಿಲ್ ಬರೆಯುತ್ತಿದ್ದ ಮನುಷ್ಯನ ನೆತ್ತಿ ಟ್ಯೂಬ್‌ಲೈಟಿಗೆ ಹೊಳೆಯುತ್ತಿತ್ತು. ಅಪ್ಪ ಅಂದುಕೊಂಡೆ. ಆದರೆ ಮೈಮೇಲಿದ್ದ ಅಂಗಿ ನನ್ನದು.

ನನಗಾಗ 31 ವರ್ಷ. ಕೂದಲು ಉದುರುತ್ತಿದ್ದದ್ದು ಗೊತ್ತಿತ್ತು. ಬಚ್ಚಲಿನ ಜಾಲರಿಯಲ್ಲಿ ದಿನಾ ಒಂದು ಉಂಡೆ ಕೂಡುತ್ತಿತ್ತು. ಸುಳಿಯ ಸುತ್ತ ಅಂಗೈ ಮಧ್ಯದಷ್ಟು ಜಾಗ ಅಷ್ಟು ತೆಳ್ಳಗಾಗಿದೆ ಅಂತ ಮಾತ್ರ ಗೊತ್ತಿರಲಿಲ್ಲ. ನಮ್ಮ ನೆತ್ತಿ ನಮಗೆ ಕಾಣುವುದಿಲ್ಲವಲ್ಲ. ಆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಕೂದಲು ತಾನೇ ಅಂತ ಹೇಳುವವರು ತುಂಬಾ ಜನ. ಅದು ಹೋಗುತ್ತಿರುವವನಿಗೆ ಹಾಗನ್ನಿಸುವುದಿಲ್ಲ.

ಗೊಬ್ಬರದ ಅಂಗಡಿಯವನಿಗೆ ಮೊದಲು ಹೊಳೆಯುವುದು ಕೊರತೆ. ನಾಟಿಯಾಗಿ ಎರಡು ಮೂರು ವಾರಕ್ಕೆ ಪೈರು ಅಲ್ಲಲ್ಲಿ ಕುಳ್ಳಾಗಿ ನಿಂತು, ಕೆಳಗಿನ ಎಲೆಗಳ ಮೇಲೆ ತುಕ್ಕಿನ ಬಣ್ಣದ ಚುಕ್ಕೆ ಬಂದರೆ ರೈತರು ಎಲೆ ಕಿತ್ತುಕೊಂಡು ನಮ್ಮಲ್ಲಿಗೆ ಬರುತ್ತಾರೆ. ಅದು ಜಿಂಕ್ ಕೊರತೆ. ಎಕರೆಗೆ 8ರಿಂದ 10 ಕೆಜಿ ಜಿಂಕ್ ಸಲ್ಫೇಟ್ ಕೊಡುತ್ತೇವೆ, ಪೈರು ಚೇತರಿಸಿಕೊಳ್ಳುತ್ತೆ. 2009ರಲ್ಲಿ ರಾಜ್ಯ ಸರ್ಕಾರದ ಭೂಚೇತನ ಯೋಜನೆ ಶುರುವಾದಾಗ ರಾಜ್ಯದ ಎಷ್ಟೋ ಹೊಲಗಳ ಮಣ್ಣಲ್ಲಿ ಜಿಂಕ್, ಬೋರಾನ್, ಗಂಧಕ ಕಡಿಮೆ ಅಂತ ಪರೀಕ್ಷೆಯಲ್ಲೇ ಕಂಡಿತ್ತು. ಆ ಮಣ್ಣಲ್ಲಿ ಬೆಳೆದದ್ದನ್ನೇ ಅಲ್ವಾ ನಾವು ತಿನ್ನುವುದು? ಹಾಗಾದರೆ ನನ್ನ ತಲೆಗೂ ಇದೇ ಕೊರತೆ ಇರಬೇಕು ಅಂತ ಲೆಕ್ಕ ಹಾಕಿದೆ.

ಮೊಬೈಲಿನಲ್ಲಿ ಹುಡುಕಿದರೆ ನನ್ನ ಲೆಕ್ಕಕ್ಕೆ ಬೆಂಬಲವೇ ಸಿಕ್ಕಿತು. ಗಂಡಸರ ಬೋಳಿಗೆ ಡಿಎಚ್‌ಟಿ ಎಂಬ ಹಾರ್ಮೋನ್ ಕಾರಣ, ಜಿಂಕ್ ಅದನ್ನು ತಡೆಯುತ್ತೆ ಅಂತ ಎಲ್ಲಾ ಕಡೆ ಬರೆದಿದ್ದರು. ಪರೀಕ್ಷೆ ಮಾಡಿಸಿದೆ. ಲ್ಯಾಬಿನ ಹುಡುಗ ಅಂಗಡಿಗೇ ಬಂದು ರಕ್ತ ತೆಗೆದುಕೊಂಡು ಹೋದ. ಮಧ್ಯಾಹ್ನ ಎರಡೂವರೆ, ನಾನು ಆಗಷ್ಟೇ ರೊಟ್ಟಿ ಊಟ ಮುಗಿಸಿ ಟೀ ಕುಡಿದಿದ್ದೆ. ಈ ವಿವರ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಹಿಮೋಗ್ಲೋಬಿನ್ 13.2. ಫೆರಿಟಿನ್ 22, ಅಂದರೆ ದೇಹದಲ್ಲಿ ಕೂಡಿಟ್ಟ ಕಬ್ಬಿಣದ ಲೆಕ್ಕ. ಜಿಂಕ್ 66. ಪಕ್ಕದಲ್ಲಿ 70ರಿಂದ 120 ಇರಬೇಕು ಅಂತ ಅಚ್ಚಾಗಿತ್ತು. ಜಿಂಕ್ ಸಾಲು ಕೆಂಪಕ್ಷರದಲ್ಲಿ ಬಂದಿತ್ತು. ನಿಜ ಹೇಳಬೇಕೆಂದರೆ ನನಗೆ ಸಮಾಧಾನವಾಯಿತು. ಕಾರಣ ಸಿಕ್ಕಿತು, ಇನ್ನು ತುಂಬಿಸಿದರಾಯಿತು ಅಂದುಕೊಂಡೆ.

ಡಾಕ್ಟರ ಹತ್ತಿರ ಹೋಗಲಿಲ್ಲ. ಮೆಡಿಕಲ್ ಶಾಪಿನಿಂದ 50 ಮಿಲಿಗ್ರಾಂ ಜಿಂಕ್ ಮಾತ್ರೆ ತಂದೆ. ಕಬ್ಬಿಣದ ಮಾತ್ರೆ ತಂದೆ. ಕೂದಲಿಗೆಂದೇ ಮಾರುವ ಒಂದು ಡಬ್ಬಿ ತರಿಸಿದೆ. ಅದರಲ್ಲಿ 10 ಮಿಲಿಗ್ರಾಂ ಬಯೋಟಿನ್ ಎಂಬ ವಿಟಮಿನ್, ಸೆಲೆನಿಯಂ ಎಂಬ ಖನಿಜ, ಮತ್ತೆ ಸ್ವಲ್ಪ ಜಿಂಕ್. ಮೂರು ತಿಂಗಳ ಮೇಲೆ ಒಂದು ಮಲ್ಟಿವಿಟಮಿನ್ ಸೇರಿತು. ಅದರಲ್ಲೂ ಜಿಂಕ್, ಅದರಲ್ಲೂ ಸೆಲೆನಿಯಂ. ಬೆಳಿಗ್ಗೆ ಖಾಲಿ ಹೊಟ್ಟೆಗೆ ಜಿಂಕ್ ನುಂಗಿದರೆ ಅರ್ಧ ಗಂಟೆ ಹೊಟ್ಟೆ ತೊಳೆಸುತ್ತಿತ್ತು. ಔಷಧಿ ಅಂದಮೇಲೆ ಇದ್ದದ್ದೇ ಅಂತ ಸಹಿಸಿಕೊಂಡೆ.

ಕೂದಲಿನ ಖನಿಜ ಪರೀಕ್ಷೆ ಅಂತ ಒಂದು ಬರುತ್ತೆ, ಕತ್ತರಿಸಿದ ಕೂದಲು ಕಳಿಸಬೇಕು. ಅದಕ್ಕೂ ದುಡ್ಡು ಕೊಟ್ಟೆ. ವರದಿಯಲ್ಲಿ ಜಿಂಕ್ ಮಿತಿಗಿಂತ ಎಷ್ಟೋ ಮೇಲಿತ್ತು! ನಾನು ಹಾಕುತ್ತಿದ್ದ ತಲೆಹೊಟ್ಟಿನ ಶಾಂಪೂವಿನಲ್ಲಿ ಇರುವುದೇ ಜಿಂಕ್ ಪೈರಿಥಿಯೋನ್. ಹೊರಗಿನಿಂದ ಅಂಟಿಕೊಂಡದ್ದಕ್ಕೂ ಒಳಗಿನಿಂದ ಬಂದದ್ದಕ್ಕೂ ಆ ಪರೀಕ್ಷೆಗೆ ವ್ಯತ್ಯಾಸ ತಿಳಿಯುವುದಿಲ್ಲ. ಅಮೆರಿಕದಲ್ಲಿ ಒಬ್ಬರದೇ ಕೂದಲನ್ನು ಆರು ಲ್ಯಾಬುಗಳಿಗೆ ಕಳಿಸಿ ನೋಡಿದ್ದರಂತೆ, 2001ರಲ್ಲಿ ಅದು ಅಚ್ಚಾಗಿದೆ. ಒಂದಕ್ಕೊಂದು ತಾಳೆಯಾಗಲಿಲ್ಲ. ಈ ಪರೀಕ್ಷೆಗೆ ದುಡ್ಡು ಹಾಕಬೇಡಿ ಅಂತ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ.

ತಿಂಗಳ ಮೊದಲ ದಿನ ಕ್ಯಾಮೆರಾದ ಚಿತ್ರ ನಿಲ್ಲಿಸಿ, ಮಾನಿಟರಿನ ಫೋಟೋ ಮೊಬೈಲಿನಲ್ಲಿ ತೆಗೆದಿಡುತ್ತಿದ್ದೆ. ಅದೇ ಕುರ್ಚಿ, ಅದೇ ಬೆಳಕು. ಜೂನ್ ಹೊತ್ತಿಗೆ ಬಚ್ಚಲಿನ ಉಂಡೆ ಸಣ್ಣದಾಯಿತು. ದಿಂಬಿನ ಮೇಲೆ ಕೂದಲು ಕಾಣುವುದು ನಿಂತಿತು. ಮತ್ತೆ ಪರೀಕ್ಷೆ ಮಾಡಿಸಿದರೆ ಫೆರಿಟಿನ್ 48, ಜಿಂಕ್ 104. ಎಷ್ಟು ಖುಷಿಯಾಯಿತು ಅಂದರೆ ಅಪ್ಪನಿಗೂ ಒಂದು ಡಬ್ಬಿ ತಂದುಕೊಟ್ಟೆ.

ಫೋಟೋಗಳು ಬೇರೆಯದೇ ಹೇಳುತ್ತಿದ್ದವು. ಜುಲೈಗಿಂತ ಆಗಸ್ಟ್, ಆಗಸ್ಟಿಗಿಂತ ಅಕ್ಟೋಬರ್, ನೆತ್ತಿಯ ಬಯಲು ಅಗಲವಾಗುತ್ತಲೇ ಹೋಗುತ್ತಿತ್ತು. ಕೂದಲು ಉದುರುವುದು ಕಡಿಮೆಯಾಗಿದೆ, ಬೋಳು ಜಾಸ್ತಿಯಾಗುತ್ತಿದೆ. ಇದು ಹೇಗೆ ಸಾಧ್ಯ? ಕಟಿಂಗ್ ಅಂಗಡಿಯವನು ಒಂದು ದಿನ ಕತ್ತರಿ ನಿಲ್ಲಿಸಿ ಹೇಳಿದ: "ಬದಿ ಕೂದಲು ಕುದುರೆ ಬಾಲದಂಗೆ ಗಟ್ಟಿ ಐತಿ. ನೆತ್ತಿದು ನೂಲಿನಂಗೆ ಆಗೈತಿ ನೋಡು, ಕೈಗೇ ಸಿಗವಲ್ದು." ಆ ಮಾತಿನಲ್ಲೇ ಉತ್ತರವಿತ್ತು. ಅದು ಅರ್ಥವಾಗಲು ಇನ್ನೂ ಮೂರು ತಿಂಗಳು ಬೇಕಾಯಿತು.

2025ರ ಜನವರಿ. ಟಿವಿ ನೋಡುತ್ತಿದ್ದ ಅಮ್ಮ ನನ್ನನ್ನು ಕೂಗಿದರು. ಮಹಾರಾಷ್ಟ್ರದ ಬುಲ್ಡಾಣಾ ಜಿಲ್ಲೆ, ಶೇಗಾಂವ್ ತಾಲೂಕಿನ ಹಳ್ಳಿಗಳಲ್ಲಿ ಜನರ ಕೂದಲು ಕೆಲವೇ ದಿನದಲ್ಲಿ ಕೈಗೆ ಕಿತ್ತು ಬರುತ್ತಿತ್ತು. ಗಂಡಸರು, ಹೆಂಗಸರು, ಮಕ್ಕಳು ಎಲ್ಲರದ್ದೂ. ಮೊದಲು ನೀರಿನ ಮೇಲೆ ಅನುಮಾನ ಬಂತು. ಆಮೇಲೆ ಡಾಕ್ಟರ್ ಹಿಮ್ಮತ್‌ರಾವ್ ಬಾವಸ್ಕರ್ ಅವರು ಆ ಜನರ ರಕ್ತ, ಮೂತ್ರ, ಕೂದಲು ಪರೀಕ್ಷೆ ಮಾಡಿಸಿ ಸೆಲೆನಿಯಂ ವಿಪರೀತ ಇದೆ, ತಿನ್ನುತ್ತಿದ್ದ ಗೋಧಿಯಿಂದ ಬಂದಿದೆ ಅಂದರು. ಅವರಲ್ಲಿ ಜಿಂಕ್ ತುಂಬಾ ಕಡಿಮೆ ಇತ್ತು ಅಂತಲೂ ಹೇಳಿದರು. ಕೆಲವರ ಉಗುರುಗಳೂ ಮುಂದೆ ಉದುರಿದವು.

ಸೆಲೆನಿಯಂ ಅಂತ ಕೇಳಿದ ತಕ್ಷಣ ಎದ್ದು ಹೋಗಿ ನನ್ನ ಡಬ್ಬಿಗಳನ್ನು ನೋಡಿದೆ. ಎರಡರಲ್ಲೂ ಆ ಹೆಸರಿತ್ತು. ಕೂದಲು ಬರಲಿ ಅಂತ ಯಾವುದನ್ನು ದಿನಾ ಎರಡು ಸಲ ನುಂಗುತ್ತಿದ್ದೆನೋ, ಅದೇ ಜಾಸ್ತಿಯಾದರೆ ಕೂದಲು ಹೋಗುತ್ತೆ. ಹೆದರಿಕೆಯಾಯಿತು. ಮರುದಿನವೇ ಎಲ್ಲಾ ಡಬ್ಬಿ, ಎಲ್ಲಾ ವರದಿ ಚೀಲಕ್ಕೆ ಹಾಕಿಕೊಂಡು ಚರ್ಮದ ಡಾಕ್ಟರ ಹತ್ತಿರ ಹೋದೆ.

ಮೇಡಂ ಮೊದಲು ಡಬ್ಬಿಗಳನ್ನು ಸಾಲಾಗಿ ಇಟ್ಟು ಕಾಗದದ ಮೇಲೆ ಕೂಡಿಸಿದರು. ಜಿಂಕ್ ದಿನಕ್ಕೆ 75 ಮಿಲಿಗ್ರಾಂ. "ನಮ್ಮ ದೇಶದ ಲೆಕ್ಕದಲ್ಲಿ ಗಂಡಸರಿಗೆ ದಿನಕ್ಕೆ 17 ಸಾಕು. 40 ದಾಟಬಾರದು ಅಂತ ಅಮೆರಿಕದವರು ಮಿತಿ ಹಾಕಿದ್ದಾರೆ. ಯಾರು ಹೇಳಿದ್ರು ಇಷ್ಟು ತಗೊಳ್ಳಿ ಅಂತ?" ಯಾರೂ ಇಲ್ಲ ಮೇಡಂ, ನಾನೇ ಅಂದೆ. ಜಿಂಕ್ ತಿಂಗಳುಗಟ್ಟಲೆ ಜಾಸ್ತಿ ಹೋದರೆ ಕರುಳಿನಲ್ಲಿ ತಾಮ್ರ ಹೀರಿಕೊಳ್ಳುವುದು ಕಡಿಮೆಯಾಗುತ್ತೆ. ತಾಮ್ರ ಇಳಿದರೆ ರಕ್ತಹೀನತೆ ಬರಬಹುದು, ನರಗಳಿಗೂ ಪೆಟ್ಟು ಬೀಳಬಹುದು. ನನ್ನ ತಾಮ್ರ ನೋಡಿಸಿದರು. ಮಿತಿಯ ಕೆಳಗಿನ ಅಂಚಿಗೆ ಬಂದು ನಿಂತಿತ್ತು. ಡಿಎಪಿ ಗೊಬ್ಬರದ ಜೊತೆ ಜಿಂಕ್ ಬೆರೆಸಬೇಡಿ, ಒಂದಕ್ಕೊಂದು ಕಟ್ಟಿಹಾಕುತ್ತೆ ಅಂತ ನಾನೇ ದಿನಾ ರೈತರಿಗೆ ಹೇಳುತ್ತೇನೆ. ದೇಹದಲ್ಲೂ ಇಂಥದ್ದು ನಡೆಯುತ್ತೆ ಅಂತ ಒಮ್ಮೆಯೂ ಯೋಚಿಸಿರಲಿಲ್ಲ.

ಆ ವಾರ ಥೈರಾಯ್ಡ್ ಪರೀಕ್ಷೆಯೂ ಆಯಿತು. ಟಿಎಸ್‌ಎಚ್ ತೀರಾ ಕಡಿಮೆ, ಟಿ4 ಜಾಸ್ತಿ. ನೋಡಿದರೆ ಥೈರಾಯ್ಡ್ ಕೆರಳಿದ ಹಾಗೆ. ನನಗೆ ಕೈಕಾಲು ತಣ್ಣಗಾಯಿತು. ಮೇಡಂ ಮಾತ್ರ ಬಯೋಟಿನ್ ಡಬ್ಬಿ ಎತ್ತಿ ತೋರಿಸಿ, ಇದನ್ನು ನಿಲ್ಲಿಸಿ ವಾರ ಬಿಟ್ಟು ಮತ್ತೆ ಮಾಡಿಸಿ ಅಂದರು. ಮಾಡಿಸಿದೆ, ಎಲ್ಲಾ ಸರಿಯಿತ್ತು. ಎಷ್ಟೋ ಲ್ಯಾಬ್ ಯಂತ್ರಗಳ ಪರೀಕ್ಷೆಯಲ್ಲೇ ಬಯೋಟಿನ್ ಬಳಕೆಯಾಗುತ್ತೆ. ರಕ್ತದಲ್ಲೂ ಅದು ತುಂಬಿದ್ದರೆ ಯಂತ್ರ ತಪ್ಪು ಓದುತ್ತೆ. ಹೃದಯಾಘಾತ ಗುರುತಿಸುವ ಟ್ರೋಪೋನಿನ್ ಪರೀಕ್ಷೆಯೂ ಹೀಗೆ ಮೋಸಹೋಗಬಹುದು ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲೇ ಎಚ್ಚರಿಸಿದೆ. ಕೂದಲಿನ ಮಾತ್ರೆ ತಿನ್ನುವವರು ಯಾವುದೇ ರಕ್ತ ಪರೀಕ್ಷೆಗೆ ಮೊದಲು ಇದನ್ನು ಡಾಕ್ಟರಿಗೆ ಹೇಳಲೇಬೇಕು.

ಆಮೇಲೆ ನನ್ನ ಮೊದಲ ವರದಿ ತೆಗೆದರು. "ರಕ್ತ ಕೊಟ್ಟಿದ್ದು ಎಷ್ಟು ಗಂಟೆಗೆ?" ಎರಡೂವರೆಗೆ, ಊಟ ಆದಮೇಲೆ. "ನೋಡಿ, ಜಿಂಕ್ ಬೆಳಿಗ್ಗೆ ಒಂದು ಥರ, ಮಧ್ಯಾಹ್ನ ಒಂದು ಥರ ಇರುತ್ತೆ. ಊಟ ಆದ್ರೆ ಇಳಿಯುತ್ತೆ, ಜ್ವರ ಇದ್ರೂ ಇಳಿಯುತ್ತೆ. ಬೆಳಿಗ್ಗೆ ಖಾಲಿ ಹೊಟ್ಟೆಗೆ ಗಂಡಸರಿಗೆ 74ರ ಕೆಳಗೆ ಬಂದ್ರೆ ಕಡಿಮೆ ಅಂತೀವಿ. ಮಧ್ಯಾಹ್ನ ತೆಗೆದ ರಕ್ತಕ್ಕೆ ಗಡಿ 61. ನಿಮ್ಮದು 66."

ಅಂದರೆ ನನಗೆ ಜಿಂಕ್ ಕೊರತೆ ಇರಲೇ ಇಲ್ಲ.

ಇದನ್ನು ಬರೆಯುವಾಗಲೂ ಹೊಟ್ಟೆ ಉರಿಯುತ್ತೆ. ಮಣ್ಣಿನ ಮಾದರಿ ತೆಗೆಯುವುದು ಹೇಗೆ ಅಂತ ಊರಿಗೆಲ್ಲ ಹೇಳಿಕೊಡುವವನು ನಾನು. ಬದುವಿನ ಹತ್ತಿರ ತೆಗೆಯಬೇಡಿ, ತಿಪ್ಪೆ ಪಕ್ಕ ತೆಗೆಯಬೇಡಿ, ಗೊಬ್ಬರ ಹಾಕಿದ ಮೇಲೆ ತೆಗೆಯಬೇಡಿ, ಮಾದರಿ ಕೆಟ್ಟರೆ ವರದಿ ಕೆಟ್ಟಿತು. ನನ್ನ ರಕ್ತಕ್ಕೆ ಆ ನಿಯಮ ಅನ್ವಯಿಸಲಿಲ್ಲ. ರಕ್ತ ತೆಗೆದವರೂ ಊಟ ಆಯಿತಾ ಅಂತ ಕೇಳಲಿಲ್ಲ.

ಫೆರಿಟಿನ್ 22 ಮಾತ್ರ ನಿಜವಾಗಿಯೂ ಕಡಿಮೆ. ಮೇಡಂ ಅದನ್ನು ಸುಮ್ನೆ ಬಿಡಲಿಲ್ಲ. ಹೆಂಗಸರಿಗೆ ಮುಟ್ಟಿನಲ್ಲಿ ಕಬ್ಬಿಣ ಹೋಗುತ್ತೆ. ಗಂಡಸಿಗೆ ಕಬ್ಬಿಣ ಕಡಿಮೆಯಾದರೆ ರಕ್ತ ಎಲ್ಲೋ ಸೋರುತ್ತಿದೆಯಾ ಅಂತ ನೋಡಲೇಬೇಕು ಅಂದರು. ಮೂಲವ್ಯಾಧಿ ಇದೆಯಾ, ಮಲ ಕಪ್ಪಗಿರುತ್ತಾ, ನೋವಿನ ಮಾತ್ರೆ ನುಂಗುತ್ತೀರಾ, ಗ್ಯಾಸ್ ಮಾತ್ರೆ ದಿನಾ ತಗೋತೀರಾ, ಎಲ್ಲಾ ಕೇಳಿದರು. ಕೊನೆಗೆ ರಕ್ತದಾನ ಮಾಡುತ್ತೀರಾ ಅಂದರು. ನಾನು ಮೂರು ತಿಂಗಳಿಗೊಮ್ಮೆ ತಪ್ಪದೇ ಕೊಡುತ್ತಿದ್ದೆ, ಮೂರು ವರ್ಷದಿಂದ. ಒಂದು ಸಲ ಕೊಟ್ಟರೆ ಹತ್ತಿರ ಹತ್ತಿರ 200 ಮಿಲಿಗ್ರಾಂ ಕಬ್ಬಿಣ ದೇಹದಿಂದ ಹೋಗುತ್ತೆ. ನಮ್ಮದು ಸಸ್ಯಾಹಾರದ ಮನೆ. ಕಾಳು, ಜೋಳದಲ್ಲಿ ಕಬ್ಬಿಣ ಇದೆ, ಆದರೆ ಅದರೊಟ್ಟಿಗೇ ಇರುವ ಫೈಟೇಟ್ ಎಂಬ ಅಂಶ ಅದನ್ನು ಹಿಡಿದಿಟ್ಟುಕೊಳ್ಳುತ್ತೆ. ಊಟ ಮುಗಿಸಿ ಕುಡಿಯುವ ಟೀ ಇನ್ನಷ್ಟು ತಡೆಯುತ್ತೆ. ಕಬ್ಬಿಣದ ಮಾತ್ರೆಯನ್ನೂ ನಾನು ಆ ಟೀ ಜೊತೆಗೇ ನುಂಗುತ್ತಿದ್ದೆ!

ದಯವಿಟ್ಟು ಇದನ್ನು ಓದಿ ಯಾರೂ ರಕ್ತದಾನ ನಿಲ್ಲಿಸಬೇಡಿ. ಮೇಲಿಂದ ಮೇಲೆ ಕೊಡುವವರು ವರ್ಷಕ್ಕೊಮ್ಮೆ ಫೆರಿಟಿನ್ ನೋಡಿಸಿಕೊಳ್ಳಿ, ಕಾಳು ಮೊಳಕೆ ಬರಿಸಿ ತಿನ್ನಿ, ಸೊಪ್ಪಿನ ಪಲ್ಯಕ್ಕೆ ನಿಂಬೆ ಹಿಂಡಿ, ಟೀಗೆ ಒಂದು ಗಂಟೆ ಬಿಡಿ.

ಕೊನೆಗೆ ತಲೆ ನೋಡಿದರು. ಪೆನ್ನಿನಂಥ ಪುಟ್ಟ ಕ್ಯಾಮೆರಾವನ್ನು ಮೊದಲು ಹಿಂದಲೆಗೆ ಇಟ್ಟರು. ಪರದೆಯ ಮೇಲೆ ಎಲ್ಲಾ ಕೂದಲೂ ಒಂದೇ ದಪ್ಪ, ಒಂದೊಂದು ರಂಧ್ರದಿಂದ ಎರಡೆರಡು, ಮೂರು ಮೂರು. ಅದನ್ನೇ ನೆತ್ತಿಗೆ ತಂದರು. ದಪ್ಪ ಒಂದು, ತೆಳ್ಳಗೆ ಒಂದು, ಪಕ್ಕದಲ್ಲಿ ಕೂಸಿನ ಕೂದಲಿನಂಥದ್ದು ಒಂದು. "ಕಬ್ಬಿಣ ಕಡಿಮೆ ಆದ್ರೆ ಇಡೀ ತಲೆ ಉದುರುತ್ತೆ. ಹಿಂದೆ, ಮುಂದೆ, ಪಕ್ಕ ಎಲ್ಲಾ ಕಡೆ. ನಿಮಗೆ ಅದೂ ಸ್ವಲ್ಪ ಇತ್ತು, ಕಬ್ಬಿಣ ತುಂಬಿದ ಮೇಲೆ ನಿಂತಿದೆ. ಬಚ್ಚಲಲ್ಲಿ ಕಡಿಮೆ ಆಗಿದ್ದು ಅದು. ನೆತ್ತಿಯಲ್ಲಿ ನಡೀತಿರೋದೇ ಬೇರೆ. ಅಲ್ಲಿ ಕೂದಲಿನ ಬುಡಗಳು ಸಣ್ಣದಾಗ್ತಾ ಹೋಗ್ತಿವೆ. ರಕ್ತ ಹಿಂದಲೆಗೂ ಅದೇ, ನೆತ್ತಿಗೂ ಅದೇ ಅಲ್ವಾ? ಖನಿಜದ್ದೇ ತಪ್ಪಾಗಿದ್ರೆ ಹಿಂದಿನ ಕೂದಲು ಯಾಕೆ ಹೀಗೆ ಗಟ್ಟಿ ಇರುತ್ತೆ?"

ಆ ಪ್ರಶ್ನೆ ನಾನು ಎಂದೋ ಕೇಳಿಕೊಳ್ಳಬೇಕಿತ್ತು. ಜಿಂಕ್ ಕೊರತೆ ಭತ್ತದ ಕೆಳಗಿನ ಎಲೆಯಲ್ಲಿ ಕಾಣುತ್ತೆ, ಕಬ್ಬಿಣದ ಕೊರತೆ ಹೊಸ ಎಲೆಯಲ್ಲಿ. ಹಳದಿ ಅಂದ ಕೂಡಲೇ ಚೀಲ ಬಿಚ್ಚುವುದಿಲ್ಲ, ಯಾವ ಎಲೆ ಅಂತ ಕೇಳುತ್ತೇವೆ. ನನ್ನ ತಲೆಯಲ್ಲೂ ಜಾಗವೇ ಉತ್ತರ ಹೇಳುತ್ತಿತ್ತು.

ನೆತ್ತಿಯ ಮತ್ತು ಹಣೆಯ ಬುಡಗಳು ಡಿಎಚ್‌ಟಿಗೆ ಸೋಲುತ್ತವೆ, ಹಿಂದಲೆಯವು ಸೋಲುವುದಿಲ್ಲ. ಕೂದಲು ಕಸಿಯಲ್ಲಿ ಹಿಂದಿನಿಂದ ತೆಗೆದು ಮುಂದೆ ನೆಡುವುದು ಇದೇ ನಂಬಿಕೆಯ ಮೇಲೆ. ಪ್ರಾಯಕ್ಕೆ ಬರುವ ಮೊದಲೇ ವೃಷಣ ಕಳೆದುಕೊಂಡವರು ಬೋಳಾಗುವುದಿಲ್ಲ, ಅಂಥವರಿಗೆ ಟೆಸ್ಟೋಸ್ಟಿರಾನ್ ಕೊಟ್ಟರೆ ವಂಶದಲ್ಲಿ ಬೋಳು ಇದ್ದವರ ಕೂದಲು ಹೋಗಲು ಶುರುವಾಗುತ್ತೆ ಅಂತ ಅಮೆರಿಕದ ಸಂಶೋಧಕ ಜೇಮ್ಸ್ ಹ್ಯಾಮಿಲ್ಟನ್ 1942ರಲ್ಲೇ ತೋರಿಸಿದ್ದರು. ವಂಶ ಅಂದರೆ ಸೋದರಮಾವನ ಕಡೆಯದ್ದು ಮಾತ್ರ ಅಂತ ನಮ್ಮಲ್ಲಿ ಹೇಳುತ್ತಾರೆ. ಒಂದು ಮುಖ್ಯ ಜೀನ್ ತಾಯಿಯಿಂದ ಬರುವ ಎಕ್ಸ್ ಕ್ರೋಮೋಸೋಮಿನಲ್ಲಿದೆ, ಹೌದು. ಆದರೆ ಅಪ್ಪನಿಂದ ಬರುವವೂ ಇವೆ. ನನ್ನ ಅಪ್ಪನ ತಲೆ ನೋಡಿದ್ದರೂ ಸಾಕಿತ್ತು.

ನಾನು ಓದಿದ್ದೆಲ್ಲಾ ಪೂರ್ತಿ ಸುಳ್ಳೂ ಅಲ್ಲ. ಜಿಂಕ್ ಡಿಎಚ್‌ಟಿ ತಡೆಯುತ್ತೆ ಎಂಬ ಮಾತು 1988ರ ಒಂದು ಪ್ರಯೋಗದಿಂದ ಬಂದದ್ದು. ಅದು ನಡೆದದ್ದು ಗಾಜಿನ ಪಾತ್ರೆಯೊಳಗಿನ ಚರ್ಮದ ಮೇಲೆ. ಮಾತ್ರೆ ನುಂಗಿದವರ ತಲೆಯಲ್ಲಿ ಅಲ್ಲ. ಕೊರಿಯಾದಲ್ಲಿ 2013ರಲ್ಲಿ ಬೋಳಾಗುತ್ತಿದ್ದವರ ರಕ್ತ ನೋಡಿದಾಗ ಜಿಂಕ್ ಸರಾಸರಿ ಕಡಿಮೆ ಇತ್ತು, ತಾಮ್ರದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಕಡಿಮೆ ಇತ್ತು ಎಂಬುದರಿಂದ ತುಂಬಿಸಿದರೆ ಬೋಳು ನಿಲ್ಲುತ್ತೆ ಅಂತ ಆಗುವುದಿಲ್ಲ. ನಿಜವಾದ ಜಿಂಕ್ ಕೊರತೆ ಹೇಗಿರುತ್ತೆ ಅಂತಲೂ ಆಮೇಲೆ ಓದಿದೆ. ಬಿಹಾರದ ಬಕ್ಸರ್‌ನಲ್ಲಿ ಹುಟ್ಟಿದ ಡಾಕ್ಟರ್ ಆನಂದ ಪ್ರಸಾದ್ ಇರಾನಿನ ಶಿರಾಜ್‌ನಲ್ಲಿ ಕಂಡ ಹುಡುಗರು ಬೆಳವಣಿಗೆಯೇ ನಿಂತು ಕುಳ್ಳಾಗಿದ್ದರು. ಪ್ರಾಯ ಬಂದರೂ ಮೀಸೆ ಗಡ್ಡ ಇಲ್ಲ. ಹುದುಗು ಬರಿಸದ ರೊಟ್ಟಿ ಮತ್ತು ಮಣ್ಣು ತಿನ್ನುತ್ತಿದ್ದರು. ಜಿಂಕ್ ಕೊರತೆ ಇರಬಹುದು ಅಂತ 1961ರಲ್ಲಿ ಅವರು ಬರೆದಾಗ ಮನುಷ್ಯರಿಗೆ ಅಂಥ ಕೊರತೆ ಬರುತ್ತೆ ಅಂತ ಯಾರೂ ನಂಬುತ್ತಿರಲಿಲ್ಲ. ಅವರು ಕಂಡದ್ದಕ್ಕೂ ನನ್ನ ನೆತ್ತಿಗೂ ಏನು ಸಂಬಂಧ?

ಜಿಂಕ್, ಸೆಲೆನಿಯಂ, ಬಯೋಟಿನ್ ಎಲ್ಲಾ ನಿಂತವು. ಅಪ್ಪನ ಡಬ್ಬಿಯೂ ಹೋಯಿತು. ಕಬ್ಬಿಣ ಮಾತ್ರ ಮೂರು ತಿಂಗಳು ಮುಂದುವರಿಯಿತು. ಕೂದಲು ಬೆಳೆಯಲೆಂದು ತಲೆಗೆ ಹಚ್ಚುವ ಮಿನಾಕ್ಸಿಡಿಲ್ 5 ಪರ್ಸೆಂಟ್ ದ್ರಾವಣ ಕೊಟ್ಟರು. ಬೆಳಿಗ್ಗೆ 1 ಮಿಲಿ, ರಾತ್ರಿ 1 ಮಿಲಿ, ಒಣ ತಲೆಗೆ. ಮೂರನೇ ವಾರಕ್ಕೆ ಕೂದಲು ಮೊದಲಿಗಿಂತ ಜಾಸ್ತಿ ಉದುರತೊಡಗಿತು. ಹೀಗಾಗುತ್ತೆ, ಹೆದರಿ ನಿಲ್ಲಿಸಬೇಡಿ ಅಂತ ಮೇಡಂ ಮೊದಲೇ ಹೇಳಿದ್ದರು. ಹೇಳದಿದ್ದರೆ ಖಂಡಿತ ಬಾಟಲಿ ಎಸೆಯುತ್ತಿದ್ದೆ. ಎರಡು ತಿಂಗಳಿಗೆ ಅದು ತಾನಾಗಿ ನಿಂತಿತು.

ಫಿನಾಸ್ಟರೈಡ್ 1 ಮಿಲಿಗ್ರಾಂ ಮಾತ್ರೆ ಬಗ್ಗೆ ಒಂದು ತಿಂಗಳು ಯೋಚಿಸಿದೆ. ಡಿಎಚ್‌ಟಿ ತಯಾರಾಗುವುದನ್ನೇ ತಡೆಯುವ ಔಷಧಿ ಅದು. ಸ್ವಲ್ಪ ಜನರಿಗೆ ಲೈಂಗಿಕ ಆಸಕ್ತಿ ಕಡಿಮೆಯಾಗಬಹುದು, ಮನಸ್ಸು ಕುಗ್ಗಬಹುದು. ಗರ್ಭಿಣಿಯರು ಒಡೆದ ಮಾತ್ರೆ ಮುಟ್ಟಬಾರದು. ಇದನ್ನೆಲ್ಲಾ ಹೆಂಡತಿಯ ಜೊತೆ ಕೂತು ಮಾತಾಡಿದೆ. "ಹನ್ನೊಂದು ತಿಂಗಳು ಯಾರನ್ನೂ ಕೇಳದೆ ನುಂಗಿದ್ರಿ. ಇದನ್ನಾದ್ರೂ ಕೇಳಿದ್ರಲ್ಲ" ಅಂದಳು. ಮಾರ್ಚಿನಲ್ಲಿ ಶುರು ಮಾಡಿದೆ. ತೊಂದರೆ ಏನೂ ಆಗಿಲ್ಲ. ಆದರೆ ಮೂರು ತಿಂಗಳಿಗೊಮ್ಮೆ ಹೋಗಿ ತೋರಿಸುತ್ತೇನೆ.

ಅಕ್ಟೋಬರ್ 1ರ ಫೋಟೋದಲ್ಲಿ ನೆತ್ತಿಯ ಬಯಲು ಜನವರಿಗಿಂತ ಸ್ವಲ್ಪ ತುಂಬಿದೆ. ಹಣೆಯ ಎರಡು ಮೂಲೆ ಹಾಗೇ ಇವೆ. 2024ರ ಫೆಬ್ರವರಿಯಲ್ಲಿ ಇದ್ದಷ್ಟು ಕೂದಲು ಬಂದಿಲ್ಲ, ಬರುವ ಭರವಸೆಯನ್ನು ಮೇಡಂ ಕೊಟ್ಟಿಲ್ಲ. ಪೂರ್ತಿ ಬತ್ತಿದ ಬುಡ ಮತ್ತೆ ಚಿಗುರುವುದು ಕಷ್ಟ. ಆ ಹನ್ನೊಂದು ತಿಂಗಳ ಬಗ್ಗೆ ನನಗೆ ನೋವಿರುವುದು ಇದಕ್ಕೇ. ಮಾತ್ರೆಗೆ ಹೋದ ದುಡ್ಡು ದೊಡ್ಡದಲ್ಲ. ಉಳಿಸಿಕೊಳ್ಳಬಹುದಾಗಿದ್ದ ಕೂದಲು ಆ ಹೊತ್ತಿನಲ್ಲಿ ಹೋಯಿತು.

ಇನ್ನೊಂದು ಇದೆ. ಫಿನಾಸ್ಟರೈಡ್ ನುಂಗುವವರು ರಕ್ತ ಕೊಡುವಂತಿಲ್ಲ. ಆ ರಕ್ತ ಗರ್ಭಿಣಿಗೆ ಹೋದರೆ ಹೊಟ್ಟೆಯಲ್ಲಿರುವ ಗಂಡು ಮಗುವಿಗೆ ತೊಂದರೆಯಾಗಬಹುದು, ಮಾತ್ರೆ ಬಿಟ್ಟು ಒಂದು ತಿಂಗಳಾದರೂ ಆಗಿರಬೇಕು. ಕಳೆದ ತಿಂಗಳು ಶಿಬಿರದವರು ಎಂದಿನಂತೆ ಅಂಗಡಿಗೆ ಫೋನ್ ಮಾಡಿದರು. ವಿಷಯ ಹೇಳಿದೆ. ಗೋದಾಮಿನಲ್ಲಿ ಚೀಲ ಎಣಿಸುತ್ತಿದ್ದ ತಮ್ಮ ಅದನ್ನು ಕೇಳಿಸಿಕೊಂಡು ಹೊರಗೆ ಬಂದ. "ನನ್ನ ಹೆಸರು ಬರೆಸು" ಅಂದ. ಅವನಿಗೆ 26. ಭಾನುವಾರ ಬೆಳಿಗ್ಗೆ ಅವನನ್ನು ಬೈಕಿನಲ್ಲಿ ಕೂರಿಸಿಕೊಂಡು ಹೋದೆ. ದಾರಿಯಲ್ಲೇ ಲ್ಯಾಬಿಗೆ ನಿಲ್ಲಿಸಿ, ಮೊದಲು ಅವನ ಫೆರಿಟಿನ್‌ಗೆ ರಕ್ತ ಕೊಡಿಸಿದೆ.